ಗುಡ್ಡದ ಮೇಲಿನ ಗಾಡಿಯ ಬಿಸಿನೀರು

ಬಿಸಿನೀರು ಬಂದ ದಿನ ಯಾರೂ ಫಿಟ್ಟರನ್ನು ನೆನೆಯುವುದಿಲ್ಲ. ಬಾರದ ದಿನ ಮಾತ್ರ ಬಂಗಲೆಯಿಂದ ಕೂಲಿಗಳ ಲೈನ್ ಮನೆಯವರೆಗೆ ಎಲ್ಲರ ಬಾಯಲ್ಲೂ ಅವನ ಹೆಸರೇ. ಗೋಣಿಬೀಡಿನ ಆಚೆಯ ಒಂದು ಕಾಫಿ ಎಸ್ಟೇಟಿಗೆ ನಾನು ಫಿಟ್ಟರ್ ಆಗಿ ಸೇರಿದೆ, ಫಿಟ್ಟರ್ ಆಗಿಯೇ ಹೊರಗೆ ಬಂದೆ. ನಡುವೆ ಯಾವಾಗಲೋ 'ಹೆಡ್' ಎಂಬ ಪದ ಹಿಂದೆ ಸೇರಿಕೊಂಡಿತು. ಅದರಿಂದ ಸ್ಪ್ಯಾನರಿನ ತೂಕವೇನೂ ಕಡಿಮೆಯಾಗಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಪಂಪ್‌ಸೆಟ್, ಸ್ಪ್ರಿಂಕ್ಲರ್ ಪೈಪು, ಬಂಗಲೆಯ ನಲ್ಲಿ, ಆಮೇಲೆ ಗೆಸ್ಟ್‌ಗಳ ಕೋಣೆಯ ಗೀಸರು, ಕೊನೆಗೆ ಗುಡ್ಡದ ಮೇಲಿನ ಕ್ಯಾರವಾನು, ಎಲ್ಲವೂ ನನ್ನ ತಲೆಗೇ ಬಂತು. ಈಗ ಬೆಳಗಿನ ಹೊತ್ತು ಬೆರಳು ಮಡಚುವುದಿಲ್ಲ. ಇದನ್ನು ಬರೆಯಲು ಕೂರುವುದಕ್ಕೂ ಬಿಸಿಲು ಏರಬೇಕು.

ಈ ಕೆಲಸಕ್ಕೆ ಈಗ ಹೊಸದಾಗಿ ಬರುತ್ತಿರುವವರು ಓದಲಿ ಎಂದು ಬರೆಯುತ್ತಿದ್ದೇನೆ. ಮೂಡಿಗೆರೆಯಿಂದ ಕಳಸದವರೆಗೆ ರಸ್ತೆಗೊಂದು ಹೋಂಸ್ಟೇ ಎದ್ದಿದೆ. ಟೆಂಟು ಬಂದಿವೆ, ಚಕ್ರದ ಮೇಲಿನ ಮನೆಗಳು ಬಂದಿವೆ. ಬರುವ ಜನಕ್ಕೆ ಚಳಿಯೂ ಬೇಕು, ನಲ್ಲಿ ತಿರುಗಿಸಿದರೆ ಹೊಗೆಯಾಡುವ ಬಿಸಿನೀರೂ ಬೇಕು. ಚಳಿಯನ್ನು ದೇವರು ಪುಕ್ಕಟೆ ಕೊಡುತ್ತಾನೆ. ಉಳಿದದ್ದು ನಿಮ್ಮ ಹಣೆಬರಹ.

ನಮ್ಮ ಕಡೆ ನೀರು ಗಟ್ಟಿಯಾಗುತ್ತದೆ ಎಂದರೆ ಕೆಳಗಿನ ಊರಿನವರು ನಗುತ್ತಾರೆ. ಹಿಮಾಲಯವೇನ್ರಿ ಇದು ಎನ್ನುತ್ತಾರೆ. ಅವರದೂ ತಪ್ಪಿಲ್ಲ. ಎಲ್ಲ ವರ್ಷ ಆಗುವುದಿಲ್ಲ, ಎಲ್ಲ ಕಡೆಯೂ ಆಗುವುದಿಲ್ಲ. ಕಾಫಿ ಗಿಡವಿರುವಲ್ಲಿ ಮರದ ನೆರಳು ಚಳಿಯನ್ನು ತಡೆಯುತ್ತದೆ. ದೇವರಮನೆ ಕಡೆಯ ಹಾಗೆ ಬರೀ ಹುಲ್ಲಿರುವ ಬೋಳು ಗುಡ್ಡದಲ್ಲಿ, ಅದರಲ್ಲೂ ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ, ಮೋಡವಿಲ್ಲದ ರಾತ್ರಿ ಗಾಳಿಯೂ ನಿಂತುಬಿಟ್ಟರೆ ಚಳಿ ಬಂದು ಅಲ್ಲೇ ಕೂತುಬಿಡುತ್ತದೆ. ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿರುತ್ತದೆ. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಮಾಯ. ನೋಡಿದವರಿಗೆ ಮಾತ್ರ ಗೊತ್ತು. ಬೆಳಗ್ಗೆ ಬೇಗ ಏಳುವವರು ಕಡಿಮೆಯಾದ್ದರಿಂದ ನೋಡಿದವರೂ ಕಡಿಮೆ.

ನನಗೆ ಕೆಲಸ ಕಲಿಸಿದವರು ಲಾರೆನ್ಸ್ ಮೇಸ್ತ್ರಿ. ಮಂಗಳೂರು ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟವರು. ಅವರ ಕಾಲದಲ್ಲಿ ಬಂಗಲೆಯ ಹಿಂದೆ ಕಟ್ಟಿಗೆ ಉರಿಸುವ ತಾಮ್ರದ ಬಾಯ್ಲರ್ ಇತ್ತು. ಅದಕ್ಕೆ ಚಳಿಯ ಭಯವೇ ಇರಲಿಲ್ಲ, ಬೂದಿಯ ಕಾವು ಬೆಳಗಿನವರೆಗೂ ಇರುತ್ತಿತ್ತು. ಲಾರೆನ್ಸ್ ಮೇಸ್ತ್ರಿ ಮಾತು ಕಡಿಮೆ, ಬೈಗುಳ ಜಾಸ್ತಿ. ಪೈಪನ್ನು ಅಂಗೈಯಿಂದ ಮುಟ್ಟಿದರೆ ಕೈಮೇಲೆ ಹೊಡೆಯುತ್ತಿದ್ದರು. ಬಿಸಿಯಿದ್ದರೆ ಅಂಗೈ ಅಂಟಿಕೊಳ್ಳುತ್ತದೆ, ಕೈ ಹಿಂಭಾಗದಿಂದ ಮುಟ್ಟು ಎಂದು ಅವರ ಪಾಠ. ನಾನು ಕೊನೆಯವರೆಗೂ ಹಾಗೆಯೇ ಮುಟ್ಟಿದೆ.

ಆಮೇಲೆ ಸೋಲಾರ್ ಬಂತು. ಬಂಗಲೆಯ ಮಾಡಿನ ಮೇಲೆ ಗಾಜಿನ ಪೆಟ್ಟಿಗೆ ಕೂರಿಸಿ ಹೋದ ಕಂಪನಿಯವನು ಇನ್ನು ಇದನ್ನು ಮರೆತುಬಿಡಿ ಎಂದ. ಆ ಸಲದ ಚಳಿಗಾಲದಲ್ಲಿ ಗಾಜಿನೊಳಗಿನ ತಾಮ್ರದ ಕೊಳವೆಗಳು ಒಂದರ ಪಕ್ಕ ಒಂದು ಸೀಳಿದವು. ಥರ್ಮಾಮೀಟರ್ ನೋಡಿದರೆ ಗಾಳಿ ಅಷ್ಟೇನೂ ತಣ್ಣಗಿರಲಿಲ್ಲ. ಫೋನಿನಲ್ಲಿ ಕಂಪನಿಯವನು ನಾನು ಸುತ್ತಿಗೆಯಿಂದ ಹೊಡೆದಿದ್ದೇನೆ ಎನ್ನುವ ಅರ್ಥದಲ್ಲಿ ಮಾತಾಡಿದ. ಬರಿ ಆಕಾಶದ ಕೆಳಗೆ ಮಲಗಿದ ಕೊಳವೆ ತನ್ನ ಕಾವನ್ನೆಲ್ಲ ಆಕಾಶಕ್ಕೆ ಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ ಎನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ಪ್ರತಿ ಚಳಿಗಾಲ ಒಂದೊಂದು ಉಪಾಯ. ಒಮ್ಮೆ ಪೈಪಿಗೆಲ್ಲ ಗೋಣಿಚೀಲ ಸುತ್ತಿದೆ. ಇಲಿಗಳಿಗೆ ಅಷ್ಟು ಒಳ್ಳೆಯ ಬಾಣಂತಿ ಕೋಣೆ ಹಿಂದೆಂದೂ ಸಿಕ್ಕಿರಲಿಲ್ಲ. ಇನ್ನೊಮ್ಮೆ ಪಂಪಿನ ಗೂಡಿನೊಳಗೆ ಕಾವಿಗೆಂದು ಬಲ್ಬು ಹಚ್ಚಿಟ್ಟೆ. ಬೆಳಗ್ಗೆ ಬಾಗಿಲು ತೆಗೆದರೆ ಕೇರೆಹಾವೊಂದು ಬಲ್ಬಿನ ಬುಡದಲ್ಲಿ ಸುತ್ತಿಕೊಂಡು ಆರಾಮಾಗಿ ಮಲಗಿತ್ತು. ಯಾರ ಕೆಲಸಕ್ಕೆ ಯಾರು ಸಂಬಳ ತಗೊಳ್ಳೋದು ಮಾರಾಯ ಎಂದು ನಮ್ಮ ರೈಟರ್ ನಾಗರಾಜ ವಾರಗಟ್ಟಲೆ ಕಾಡಿದ. ಎಸ್ಟೇಟಿನ ಹಾಜರಿ, ಪಗಾರ ಎಲ್ಲ ನೋಡುವವನು ಅವನೇ, ಹಾಗಾಗಿ ಎದುರು ಮಾತಾಡುವ ಹಾಗೂ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಒಂದೇ ದಾರಿ. ಚಳಿಯ ರಾತ್ರಿ ಉಪಯೋಗವಿಲ್ಲದಿದ್ದರೆ ನೀರನ್ನು ಪೂರ್ತಿ ಬಿಟ್ಟುಬಿಡಬೇಕು. ಖಾಲಿ ಪೈಪನ್ನು ಯಾವ ಚಳಿಯೂ ಒಡೆಯಲಾರದು. ಇಷ್ಟು ಸಣ್ಣ ವಿಷಯ. ಇದನ್ನೇ ನಾನು ಸಾಯುವಷ್ಟು ಸಲ ಹೇಳಿದ್ದೇನೆ.

ಕ್ಯಾರವಾನು ಬಂದದ್ದು ನನ್ನ ಸರ್ವಿಸಿನ ಕೊನೆಗಾಲದಲ್ಲಿ. ನಮ್ಮ ಸಾಹುಕಾರ್ರು, ಅಂದರೆ ಎಸ್ಟೇಟಿನ ಮಾಲೀಕರು, ತಂದೆಯ ಕಾಲದಿಂದಲೂ ಕಾಫಿಯನ್ನೇ ನಂಬಿದವರು. ಮಳೆ ತಾರುಮಾರಾಗುತ್ತ ಬಂದಾಗ ಅವರಿಗೂ ಗೆಸ್ಟ್‌ಗಳ ಕಡೆ ಕಣ್ಣು ಹೋಯಿತು. ತೋಟ ಮುಗಿದು ಹುಲ್ಲುಗುಡ್ಡ ಶುರುವಾಗುವಲ್ಲಿ ಅವರದೇ ಒಂದು ತುಂಡು ಜಾಗವಿತ್ತು. ಹಳೆಯ ಮಿನಿಬಸ್ಸೊಂದನ್ನು ಮನೆಯ ಹಾಗೆ ಮಾಡಿಸಿ ತಂದು ಅಲ್ಲಿ ನಿಲ್ಲಿಸಿದರು. ಒಳಗೆ ಮಂಚ, ಒಲೆ, ಸಣ್ಣ ಬಚ್ಚಲು. ಸೀಟಿನ ಕೆಳಗೆ ಗ್ಯಾಸಿನಿಂದ ಕಾಯುವ ಪುಟ್ಟ ಬಾಯ್ಲರು. ಸ್ನಾನಕ್ಕೂ ಅದರ ನೀರೇ. ಅದೇ ಬಿಸಿನೀರು ನೆಲದ ಅಂಚಿನ ಕೊಳವೆಗಳಲ್ಲಿ ಸುತ್ತು ಹಾಕಿ ಒಳಗಿನ ಚಳಿಯನ್ನೂ ಕಳೆಯುತ್ತಿತ್ತು. ಗಾಡಿಯ ಪಕ್ಕೆಯಲ್ಲಿ ಮುಚ್ಚಳವಿರುವ ಒಂದು ಬಾಯಿ. ಅಲ್ಲಿಂದ ನೀರು ಹೊಯ್ದರೆ ಬಾಯ್ಲರು ತುಂಬುತ್ತದೆ. ಹೊಟ್ಟೆಯಡಿಯಲ್ಲಿ ಒಂದು ಕಾಕು. ಅದನ್ನು ತಿರುಗಿಸಿದರೆ ಎಲ್ಲ ನೀರೂ ಹೊರಗೆ.

ನೋಡಲು ಬಹಳ ಚಂದದ ವ್ಯವಸ್ಥೆ. ಗಾಡಿ ನಿಲ್ಲಿಸಿದ್ದು ಮಾತ್ರ ನಾನು ಮೊದಲೇ ಹೇಳಿದ ಆ ತಗ್ಗಿನಲ್ಲಿ. ಅಲ್ಲಿಂದ ಸೂರ್ಯ ಹುಟ್ಟುವುದು ಚೆನ್ನಾಗಿ ಕಾಣುತ್ತದಂತೆ.

ಗಾಡಿ ನೋಡಿಕೊಳ್ಳಲು ಸಾಹುಕಾರ್ರು ಸುಶೀಲಳನ್ನು ಹಾಕಿದರು. ಅವಳು ನಮ್ಮ ಎಸ್ಟೇಟಿನ ಲೈನಿನಲ್ಲೇ ಬಾಳಿದವಳು. ಗಂಡ ಮರಗಸಿಗೆ ಹತ್ತಿದವನು, ಅಂದರೆ ನೆರಳಿನ ಮರದ ಕೊಂಬೆ ಸವರಲು ಹತ್ತಿದವನು, ಸಿಲ್ವರ್ ಮರದಿಂದ ಬಿದ್ದು ತೀರಿಕೊಂಡ. ಆಮೇಲೂ ಅವಳು ಹಣ್ಣು ಕೊಯ್ದುಕೊಂಡೇ ಇದ್ದಳು. ಇಳಿಜಾರಿನಲ್ಲಿ ನಿಂತು ನಿಂತು ಎರಡೂ ಮಂಡಿ ಸೋತುಹೋಗಿದ್ದವು. ಕೂತರೆ ಏಳಲು ಗಿಡ ಹಿಡಿಯಬೇಕು. ಸಾಲಿನಲ್ಲಿ ಯಾವಾಗಲೂ ಅವಳೇ ಹಿಂದೆ. ಕೆಲಸಕ್ಕೆ ಆಗದವರಿಗೆ ಲೈನ್ ಮನೆಯೂ ಇಲ್ಲ ಎನ್ನುವುದು ಎಲ್ಲ ಎಸ್ಟೇಟಿನ ಪದ್ಧತಿ. ಅಂಥ ಹೊತ್ತಿನಲ್ಲಿ ಗಾಡಿಯ ಕೆಲಸ ಬಂತು. ಗಾಡಿಯ ಪಕ್ಕದಲ್ಲೇ ಶೀಟಿನ ಒಂದು ಕೋಣೆ. ಗುಡಿಸುವುದು, ಹಾಸುವುದು, ಗೆಸ್ಟ್‌ಗಳಿಗೆ ಅಕ್ಕಿರೊಟ್ಟಿ ತಟ್ಟುವುದು. ಹತ್ತುವುದಿಲ್ಲ, ಇಳಿಯುವುದಿಲ್ಲ. ಈ ಗಾಡಿ ಇರೋವರೆಗೂ ನಾನಿದೀನಿ ಅಣ್ಣ ಎಂದು ಅವಳು ನಗುತ್ತ ಹೇಳುತ್ತಿದ್ದಳು. ಅದು ತಮಾಷೆಯಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಗೆಸ್ಟ್ ಇದ್ದ ರಾತ್ರಿ ತೊಂದರೆಯಿಲ್ಲ, ಬಾಯ್ಲರು ಉರಿಯುತ್ತಲೇ ಇರುತ್ತದೆ. ಯಾರೂ ಇಲ್ಲದ ರಾತ್ರಿಯೇ ಕಷ್ಟ. ಹಾಗಾಗಿ ಚಳಿಗಾಲದಲ್ಲಿ ಗಾಡಿ ಖಾಲಿಯಾದ ದಿನ ಸಂಜೆ ನಾನು ಬೈಕಿನಲ್ಲಿ ಗುಡ್ಡ ಹತ್ತಿ, ಕಾಕು ತಿರುಗಿಸಿ, ಒಳಗಿನ ನಲ್ಲಿಗಳನ್ನೆಲ್ಲ ತೆರೆದಿಟ್ಟು ಬರುತ್ತಿದ್ದೆ. ದಿನವಿಡೀ ಪಲ್ಪರ್ ಹೌಸಿನಲ್ಲಿ ನಿಂತು, ಮತ್ತೆ ಆ ಕಲ್ಲುದಾರಿ. ಸೊಂಟದ ಕೀಲು ಒಂದೊಂದೂ ಹೆಸರು ಹೇಳಿಕೊಳ್ಳುತ್ತಿತ್ತು.

ಆದರೂ ಮೊದಲ ಚಳಿಗಾಲದಲ್ಲೇ ಬಾಯ್ಲರು ಒಡೆಯಿತು. ಸಂಜೆ ಖಾಲಿ ಮಾಡಿದ್ದೆ, ಬೆಳಗ್ಗೆ ಬೆಸುಗೆಯ ಹೊಲಿಗೆ ಬಿಟ್ಟು ನೀರು ತೊಟ್ಟಿಕ್ಕುತ್ತಿತ್ತು. ಖಾಲಿ ತೊಟ್ಟಿಯೊಳಗೆ ನೀರು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಂಡೆ. ಕೊಳವೆಯ ಬಾಗಿನಲ್ಲಿ ಉಳಿದಿರಬೇಕು, ಇಲ್ಲ ವೆಲ್ಡಿಂಗೇ ಕಚ್ಚಾ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವತ್ತು ದೂರದಿಂದ ಬಂದ ಒಂದು ಸಂಸಾರ ಬಚ್ಚಲು ನೋಡಿ ಜಗಳವಾಡಿಕೊಂಡು ವಾಪಸು ಹೋಯಿತು. ಸಾಹುಕಾರ್ರು ಕೂಗಾಡುವ ಜನವಲ್ಲ. ಸಕಲೇಶಪುರದ ರೆಸಾರ್ಟಿನವರೊಬ್ಬರು ಈ ಗಾಡಿಯನ್ನು ಕೇಳುತ್ತಿದ್ದಾರೆ, ಇನ್ನೊಂದು ಸಲ ಹೀಗಾದರೆ ಕೊಟ್ಟುಬಿಡುತ್ತೇನೆ ಎಂದರು. ಸುಶೀಲ ಚೊಂಬು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವಳ ಮುಖ ನಾನು ನೋಡಲಿಲ್ಲ.

ಮುಂದಿನ ಚಳಿಗಾಲ ನನ್ನ ಕೊನೆಯ ಚಳಿಗಾಲ. ಯುಗಾದಿ ಕಳೆದರೆ ರಿಟೈರ್ಡ್. ಹೊಸ ಬಾಯ್ಲರಿಗೆ ಹೊಸ ಕಾಕು ಹಾಕಿದ್ದೆ. ಖಾಲಿ ಮಾಡಿದ ಮೇಲೆ ಊದಿ ನೋಡುತ್ತಿದ್ದೆ, ಒಂದು ತೊಟ್ಟೂ ಉಳಿಯಬಾರದು. ಈ ಒಂದು ಚಳಿಗಾಲ ಸುಸೂತ್ರವಾಗಿ ದಾಟಿದರೆ ಸಾಕು ಎಂದು ಮನೆದೇವರಿಗೆ ಹೇಳಿಕೊಂಡೆ.

ಸಂಕ್ರಾಂತಿಯ ಆಸುಪಾಸಿನ ಒಂದು ಸಂಜೆ. ನೀರು ಬಿಟ್ಟು, ಸುಶೀಲ ಕೊಟ್ಟ ಕಾಫಿ ಕುಡಿದು ಹೊರಟೆ. ಅರ್ಧ ಇಳಿದ ಮೇಲೆ ಸ್ಪ್ಯಾನರ್ ಗಾಡಿಯಡಿಯಲ್ಲೇ ಬಿಟ್ಟದ್ದು ನೆನಪಾಯಿತು. ಬೈಕ್ ತಿರುಗಿಸಿದೆ. ಹತ್ತಿರ ಬಂದು ನೋಡುತ್ತೇನೆ, ಸುಶೀಲ ಗಾಡಿಯ ಪಕ್ಕ ಸ್ಟೂಲಿನ ಮೇಲೆ ನಿಂತಿದ್ದಾಳೆ. ಸೋತ ಮಂಡಿಯಲ್ಲಿ ಸ್ಟೂಲು ಹತ್ತಿ, ಒಂದು ಕೈಯಲ್ಲಿ ಗಾಡಿ ಹಿಡಿದು, ಇನ್ನೊಂದು ಕೈಯಿಂದ ಕೊಡದ ನೀರನ್ನು ಆ ಬಾಯಿಗೆ ಹೊಯ್ಯುತ್ತಿದ್ದಾಳೆ. ಕೆಳಗೆ ಕಾಕು ಬಿಗಿಯಾಗಿ ಮುಚ್ಚಿದೆ.

ಬೈಕ್ ಆರಿಸಿ ಇಳಿದೆ. ಎಷ್ಟು ಸಂಜೆ ಹತ್ತಿ ಇಳಿದಿದ್ದೆ ನಾನು. ಏನಿದು ಎಂದು ಕೇಳಿದೆ. ಅವಳು ಕದ್ದು ಸಿಕ್ಕಿಬಿದ್ದವಳಂತೆ ಗಾಬರಿಯಾಗಲಿಲ್ಲ. ಕೊಡ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ದಿನಾ ನೀವು ಹೋದ ಮೇಲೆ ತುಂಬಿಡುತ್ತೇನೆ ಎಂದಳು. ಬಚ್ಚಲ ಹಂಡೆ ರಾತ್ರಿ ಖಾಲಿ ಇರಬಾರದಲ್ಲ, ಅದಕ್ಕೆ.

ನಮ್ಮ ಕಡೆಯ ಮನೆಗಳಲ್ಲಿ ಇದು ಯಾರಿಗೂ ಹೇಳಿಕೊಡುವ ಮಾತಲ್ಲ. ದೀಪಾವಳಿ ಶುರುವಾಗುವುದೇ ನೀರು ತುಂಬುವ ಹಬ್ಬದಿಂದ. ಹಂಡೆಯನ್ನು ಹುಳಿ ಹಾಕಿ ತಿಕ್ಕಿ, ಕೆಮ್ಮಣ್ಣು ಸುಣ್ಣ ಬಳಿದು, ಬಳ್ಳಿ ಸುತ್ತಿ, ಕತ್ತಿನವರೆಗೆ ನೀರು ತುಂಬುತ್ತೇವೆ. ಉಳಿದ ದಿನಗಳಲ್ಲೂ ಹೆಂಗಸರು ಮಲಗುವ ಮುಂಚೆ ಹಂಡೆ ನೋಡಿಯೇ ಮಲಗುವುದು. ಮನೆಯಲ್ಲಿ ನನ್ನ ಹೆಂಡತಿ ಗೀಸರ್ ಬಂದ ಮೇಲೂ ಬಕೆಟ್ಟು ತುಂಬಿಡದೆ ದೀಪ ಆರಿಸಿದವಳಲ್ಲ. ಇಷ್ಟು ವರ್ಷ ಅದನ್ನು ಕಣ್ಣಾರೆ ನೋಡಿಯೂ, ಖಾಲಿ ಮಾಡಿ ಖಾಲಿ ಮಾಡಿ ಎಂದು ಊರಿಗೆಲ್ಲ ಬೋಧನೆ ಮಾಡುವಾಗ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಚಳಿಗೆ ನೀರು ಗಟ್ಟಿಯಾಗಿ ಉಬ್ಬುತ್ತದೆ, ಉಬ್ಬಿದ್ದು ತೊಟ್ಟಿಯನ್ನು ಸೀಳುತ್ತದೆ, ಹೋದ ವರ್ಷ ಒಡೆದದ್ದೂ ಇದಕ್ಕೇ ಎಂದು ಬಿಡಿಸಿ ಹೇಳಿದೆ. ಅವಳು ನನ್ನನ್ನೇ ನೋಡಿದಳು.

"ನೀರು ಕಬ್ಬಿಣ ಒಡೀತದಾ ಅಣ್ಣ? ಎಂತ ಹೇಳ್ತೀರಿ ನೀವು."

ಗಾಡಿಯಡಿಗೆ ಕೂತು ಮತ್ತೆ ಕಾಕು ತಿರುಗಿಸಿದೆ. ನೀರು ಹುಲ್ಲಿಗೆ ಬೀಳುವಾಗ ಅವಳು ಮುಖ ಆ ಕಡೆ ಮಾಡಿಕೊಂಡಳು. ಆ ಕಡೆ ನೋಡಿಕೊಂಡೇ ಹೇಳಿದಳು.

"ನಾಳೆ ಹೊಸದಾಗಿ ಮದುವೆ ಆದೋರು ಬರ್ತಾರಂತೆ. ನಮ್ಮನೆಯೋರು ಹೋದ ದಿನ ಮನೇಲಿದ್ದ ನೀರೆಲ್ಲ ಚೆಲ್ಲಿ ಹಂಡೆ ಕವುಚಿ ಹಾಕಿದ್ರು. ಖಾಲಿ ಹಂಡೆ ಅಂದ್ರೆ ನಂಗೆ ಅದೇ ಅಣ್ಣ. ಹೊಸ ಹುಡುಗಿ ಕಾಲಿಡೋ ಜಾಗ ಹಂಗಿರ್ಬೇಕಾ?"

ಗಾಡಿ ಹೋದರೆ ನಿನ್ನ ಗತಿಯೇನು ಎಂದು ಮಾತ್ರ ಕೇಳಿದೆ. ಅವಳು ಗೊತ್ತು ಎನ್ನುವಂತೆ ತಲೆಯಾಡಿಸಿದಳು. ಇನ್ನು ತುಂಬುವುದಿಲ್ಲ ಎಂದು ಅವಳ ಬಾಯಲ್ಲಿ ಹೇಳಿಸಿಕೊಂಡು ಬರುವಷ್ಟು ತಾಳ್ಮೆ ನನಗೆ ಆ ಸಂಜೆ ಇರಲಿಲ್ಲ.

ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗಿತ್ತು. ಬಿಸಿಲು ಬಿದ್ದಂತೆ ಗಾಡಿಯ ಹೊಟ್ಟೆಯಿಂದ ತೊಟ್ಟಿಕ್ಕಲು ಶುರುವಾಯಿತು. ನಾನು ಹೋದ ಮೇಲೆ ಅವಳು ಮತ್ತೆ ತುಂಬಿದ್ದಳು. ಬೈಯಬೇಕು ಎಂದು ಹತ್ತಿರ ಹೋದೆ. ಗಾಡಿಯಡಿಗೆ ಬಟ್ಟಲಿಟ್ಟು ತೊಟ್ಟಿಕ್ಕುವ ನೀರನ್ನು ಹಿಡಿಯುತ್ತ ಕೂತಿದ್ದಳು. ಹೌದಲ್ಲ ಅಣ್ಣ, ಒಡೀತದೆ ಎಂದಳು, ಇಷ್ಟೇ.

ಅಷ್ಟರಲ್ಲಿ ಸಾಹುಕಾರ್ರ ಜೀಪು ಬಂತು. ಇಳಿದು ಬಗ್ಗಿ ನೋಡಿದರು. ಹೇಗಾಯಿತು ಎಂದು ನನ್ನನ್ನು ಕೇಳಿದರು. ಸುಶೀಲ ಎದ್ದು ನಿಲ್ಲಲು ಚಕ್ರ ಹಿಡಿದುಕೊಂಡಿದ್ದಳು, ಇನ್ನೂ ಎದ್ದಿರಲಿಲ್ಲ.

"ಕಾಕು ಕಟ್ಟಿಕೊಂಡಿದೆ ಸಾಹುಕಾರ್ರೆ," ಎಂದೆ. "ನಾನು ನೋಡ್ಕೋಬೇಕಿತ್ತು."

ಇದನ್ನು ಓದಿ ನನ್ನನ್ನು ದೊಡ್ಡ ಮನುಷ್ಯ ಎಂದುಕೊಳ್ಳಬೇಡಿ. ನಿಜ ಹೇಳಲು ಹೊರಟರೆ ಹಂಡೆ, ಹಬ್ಬ, ಅವಳ ಗಂಡ, ಎಲ್ಲವನ್ನೂ ಹೇಳಬೇಕಿತ್ತು. ಅಷ್ಟು ಮಾತಿಗೆ ನನ್ನಲ್ಲಿ ಉಸಿರಿರಲಿಲ್ಲ. ಕಟ್ಟಿಕೊಂಡಿದೆ ಎಂದರೆ ಒಂದೇ ಮಾತಿನಲ್ಲಿ ಮುಗಿಯುತ್ತದೆ, ಕಸ ಸಿಕ್ಕಿ ನೀರು ಪೂರ್ತಿ ಇಳಿದಿಲ್ಲ ಎಂದು ಅರ್ಥ. ಇನ್ನು ಗಾಡಿಯನ್ನು ನೀವು ಮುಟ್ಟುವುದು ಬೇಡ ಈಶ್ವರಪ್ಪ, ವಯಸ್ಸಾಯಿತು, ಊರಿಂದ ಬೇರೆಯವರನ್ನು ಕರೆಸಿ ಒಂದು ಸಲ ಸರಿ ಮಾಡಿಸಿ ಸಕಲೇಶಪುರದವರಿಗೆ ಕೊಟ್ಟುಬಿಡುತ್ತೇನೆ ಎಂದು ಸಾಹುಕಾರ್ರು ಹೇಳಿದರು. ಗಟ್ಟಿಯಾಗಿಯೂ ಹೇಳಲಿಲ್ಲ, ಸುಶೀಲಳಿಗೆ ಕೇಳಿಸಿರಲಿಕ್ಕಿಲ್ಲ. ಮದುವೆಯ ಜೋಡಿಯನ್ನು ಬಂಗಲೆಯಲ್ಲಿ ಇಳಿಸಲು ಹೇಳಿ ಹೊರಟುಹೋದರು.

ವಯಸ್ಸಾಯಿತು ಎಂದದ್ದು ನನಗೆ ಬಹಳ ನೋವಾಯಿತು. ಆಗಿತ್ತು ನಿಜ. ಆದರೆ ನನ್ನ ಕೈಯ ಕಾಕು ಅಲ್ಲಿಯವರೆಗೆ ಯಾವತ್ತೂ ಕಟ್ಟಿಕೊಂಡಿರಲಿಲ್ಲ. ಹೋಗುವ ಕಾಲಕ್ಕೆ ಇಂಥ ಹೆಸರು ಹೊತ್ತುಕೊಂಡು ಹೋಗಬೇಕಲ್ಲ ಎಂದು ಶೆಡ್ಡಿನಲ್ಲಿ ಕೂತು ಸಂಕಟಪಟ್ಟೆ. ನಾಗರಾಜ ಬಂದು ವಿಷಯ ಕೆದಕಿದ. ಹೇಳಬಾರದಿತ್ತು, ಸಿಟ್ಟಿನ ಭರದಲ್ಲಿ ಸಾಹುಕಾರ್ರು ಅಂದದ್ದನ್ನು ಹೇಳಿಬಿಟ್ಟೆ. ರೈಟರಿಗೆ ಹೇಳಿದರೆ ಡಂಗುರ ಸಾರಿದ ಹಾಗೆ. ಸಾಹುಕಾರ್ರು ನನ್ನನ್ನು ದೂರವಿಟ್ಟ ವಿಷಯ ಮಧ್ಯಾಹ್ನದೊಳಗೆ ಲೈನಿಗೆಲ್ಲ ಗೊತ್ತಾಗಿ, ಅಲ್ಲಿಂದ ಯಾರದೋ ಬಾಯಿಂದ ಗುಡ್ಡದ ಮೇಲಿನ ಸುಶೀಲಳಿಗೂ ಗೊತ್ತಾಯಿತು.

ಮಾರನೆಯ ದಿನ ಸಾಹುಕಾರ್ರೇ ಶೆಡ್ಡಿಗೆ ಬಂದರು. ಸಾಮಾನ್ಯವಾಗಿ ಕರೆಸುವವರು, ಬರುವವರಲ್ಲ. ಕುರ್ಚಿ ಒರೆಸಿ ಕೊಟ್ಟರೂ ಕೂರಲಿಲ್ಲ. ಬೆಳಗ್ಗೆ ಸುಶೀಲ ಗುಡ್ಡ ಇಳಿದು ಬಂಗಲೆಗೆ ಬಂದಿದ್ದಳಂತೆ. ಯಾರ ಬೈಕಿಗೂ ಕಾಯದೆ, ಆ ಮಂಡಿಯಲ್ಲಿ, ನಡೆದೇ. ನೀರು ತುಂಬಿದ್ದು ನಾನೇ, ಈಶ್ವರಣ್ಣ ನನ್ನ ಮರೆಮಾಚಲು ಸುಳ್ಳು ಹೇಳಿದಾರೆ, ಅವರ ಹೆಸರು ಕೆಡಬಾರದು ಎಂದು ಅಂಗಳದಲ್ಲಿ ನಿಂತೇ ಹೇಳಿದ್ದಳು. ಸಾಹುಕಾರ್ರು ಇದನ್ನೆಲ್ಲ ಹೇಳಿ ಶೆಡ್ಡಿನ ಹೊರಗೆ ಒಣಹಾಕಿದ್ದ, ಸಿಪ್ಪೆ ಸುಲಿದ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಒಂದು ಹಿಡಿ ಎತ್ತಿ ನೋಡಿದರು.

"ನಮ್ಮವ್ವನೂ ಹಿಂಗೇ ಇದ್ರು," ಎಂದರು. "ಹಂಡೆ ತಳ ಕಂಡ್ರೆ ಮನೆಯೋರಿಗೆಲ್ಲ ಬೈಗುಳ."

ಇನ್ನು ಏನೂ ಆಗುವುದಿಲ್ಲ, ಎಲ್ಲ ಸರಿಹೋಯಿತು ಎಂದುಕೊಂಡೆ. ಸಾಹುಕಾರ್ರು ಅಷ್ಟು ಸುಲಭದ ಜನವಲ್ಲ. ನೀವು ಖಾಲಿ ಮಾಡುವುದು, ಅವಳು ತುಂಬುವುದು, ಇದು ಮುಗಿಯುವ ಕತೆಯಲ್ಲ ಎಂದರು. ಬಾಯ್ಲರನ್ನು ನೀವೇ ರಿಪೇರಿ ಮಾಡಿಕೊಡಿ, ಆದರೆ ಇನ್ನು ಮುಂದೆ ನೀರು ಬಿಡುವ ಕೆಲಸ ಅವಳದು, ನೀವು ಸಂಜೆ ಆ ಕಡೆ ಹೋಗಕೂಡದು. ಶಿವರಾತ್ರಿವರೆಗೆ ನೋಡುತ್ತೇನೆ. ಒಡೆಯದಿದ್ದರೆ ಗಾಡಿಯೂ ಇರುತ್ತದೆ, ಅವಳೂ ಇರುತ್ತಾಳೆ. ಒಡೆದರೆ ಗಾಡಿ ಸಕಲೇಶಪುರಕ್ಕೆ, ಅವಳು ಕೊಯ್ಲಿನ ಸಾಲಿಗೆ.

ತೊಟ್ಟಿಯನ್ನು ಮೂಡಿಗೆರೆಗೆ ಒಯ್ದು ಬೆಸುಗೆ ಹಾಕಿಸಿ ತಂದು ಕೂರಿಸಿದೆ. ಸುಶೀಲಳನ್ನು ಗಾಡಿಯಡಿಗೆ ಬಗ್ಗಿಸಿ ಕಾಕು ತೋರಿಸಿದೆ. ಮೊದಲು ಗ್ಯಾಸ್ ಆರಿಸಬೇಕು, ತೊಟ್ಟಿ ಆರುವವರೆಗೆ ಕಾಯಬೇಕು, ಒಳಗಿನ ನಲ್ಲಿಗಳನ್ನೆಲ್ಲ ತೆರೆಯಬೇಕು, ಇಲ್ಲದಿದ್ದರೆ ಕೊಳವೆಯ ನೀರು ಇಳಿಯುವುದಿಲ್ಲ, ಕಾಕನ್ನು ಬೆಳಗಿನವರೆಗೂ ತೆರೆದೇ ಇಡಬೇಕು. ಎಲ್ಲವನ್ನೂ ಅವಳು ಒಂದೊಂದಾಗಿ ಮಾಡಿ ತೋರಿಸಿದಳು, ಕೈ ಒಂದು ಕಡೆಯೂ ತಡವರಿಸಲಿಲ್ಲ. ಮಾಡುತ್ತೀಯಾ ಎಂದು ಕೇಳಿದೆ. ನೋಡೋಣ ಅಣ್ಣ ಎಂದಳು. ಆ ನೋಡೋಣವನ್ನೇ ನೆನೆಯುತ್ತ ಗುಡ್ಡ ಇಳಿದೆ.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುತ್ತದೆ ಅಂತ ನಮ್ಮ ಹಿರಿಯರು ಹೇಳುವುದು. ಓಡುವ ಮುಂಚೆ ಒಂದು ಸಲ ಹಿಂತಿರುಗಿ ಗುದ್ದುತ್ತದೆ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಕೊಯ್ಲು ಮುಗಿಯುತ್ತ ಬಂದಿತ್ತು. ಎರಡು ದಿನ ಗಾಳಿ ಬೀಸಿ ಮೋಡವೆಲ್ಲ ಗುಡಿಸಿಹೋಗಿ, ಮೂರನೆಯ ಸಂಜೆ ಗಾಳಿ ನಿಂತಿತು. ಆಕಾಶ ನೋಡಿದರೇ ನನಗೆ ಭಯವಾಯಿತು. ಗಾಡಿಯಲ್ಲಿ ಗೆಸ್ಟ್ ಇರಲಿಲ್ಲ. ಹೋಗಕೂಡದು ಎಂದು ಸಾಹುಕಾರ್ರು ಕಟ್ಟು ಮಾಡಿದ್ದರು. ಊಟ ಸೇರಲಿಲ್ಲ. ಹೆಂಡತಿ ಎಂದಿನಂತೆ ಬಕೆಟ್ಟು ತುಂಬುವ ಸದ್ದು ಕೇಳಿಸಿ, ಗುಡ್ಡದ ಮೇಲೆ ಅವಳೂ ಈಗ ಇದನ್ನೇ ಮಾಡುತ್ತಿದ್ದಾಳೆ ಎಂದುಕೊಂಡು ಗೋಡೆ ಕಡೆ ತಿರುಗಿ ಮಲಗಿದೆ.

ಬೆಳಕಾಗುತ್ತಲೇ ಗುಡ್ಡ ಹತ್ತಿದೆ. ತಗ್ಗು ಪೂರ್ತಿ ಬೆಳ್ಳಗೆ. ಅಷ್ಟು ಬೆಳ್ಳಗೆ ನಾನು ಅದುವರೆಗೆ ನೋಡಿರಲಿಲ್ಲ. ಬೈಕ್ ಇಳಿದರೆ ಬೂಟಿನಡಿ ಹುಲ್ಲು ಕರಕರ ಎನ್ನುತ್ತಿತ್ತು. ಗಾಡಿಯಡಿಗೆ ಬಗ್ಗಿ ನೋಡಿದೆ. ಕಾಕು ತೆರೆದಿತ್ತು. ಕೈ ಹಿಂಭಾಗದಿಂದ ತೊಟ್ಟಿ ಮುಟ್ಟಿದೆ. ತಣ್ಣಗಿತ್ತು, ಖಾಲಿಯಿತ್ತು. ಬಡಿದರೆ ಟೊಳ್ಳು ಸದ್ದು. ಹೊಲಿಗೆಯ ಸುತ್ತ ಬೆರಳಾಡಿಸಿದೆ, ಎಲ್ಲೂ ಸೀಳಿರಲಿಲ್ಲ. ಸದ್ಯ ಎಂದು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಆದರೆ ಅವಳು ಅದನ್ನು ಹೇಗೆ ಮಾಡಿದಳು ಎನ್ನುವುದು ಮನಸ್ಸಿಗೆ ಬಂತು. ಮುಖ ಆ ಕಡೆ ತಿರುಗಿಸಿಕೊಂಡು ನಿಂತಿದ್ದವಳು. ಕೆಲಸ ಉಳಿಸಿಕೊಳ್ಳಲು ತನ್ನ ಕೈಯಾರೆ ಚೆಲ್ಲಿದಳಲ್ಲ ಎಂದು ಬೇಸರವಾಯಿತು. ಅವಳಿಗೆ ಇದನ್ನು ಕಲಿಸಿದವನು ನಾನೇ.

ಬಾಗಿಲು ಬಡಿದೆ. ಒಳಗಿನಿಂದ ಬನ್ನಿ ಎಂದಳು. ಬಚ್ಚಲಿನಲ್ಲಿ ನಿಂತಿದ್ದಳು. ಆ ಇಕ್ಕಟ್ಟಿನ ಬಚ್ಚಲ ನೆಲದ ಮೇಲೆ ಅವಳ ಮನೆಯ ತಾಮ್ರದ ಹಂಡೆ ಕೂತಿತ್ತು. ಸುತ್ತ ಕಂಬಳಿ, ಮೇಲೆ ತಟ್ಟೆ, ತಟ್ಟೆಯ ಮೇಲೆ ಒಂದು ಹೂವು. ಹಂಡೆಯನ್ನು ಲೈನಿನಿಂದ ಯಾರ ಕೈಯಲ್ಲಿ ಹೊರಿಸಿಕೊಂಡು ಬಂದಳೋ, ಕೇಳಲಿಲ್ಲ. ತಟ್ಟೆ ತೆಗೆದು ತೋರಿಸಿದಳು. ಕತ್ತಿನವರೆಗೆ ನೀರು. ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ಒಂದು ಪದರ ಗಟ್ಟಿಯಾಗಿತ್ತು. ಅದನ್ನು ಬೆರಳಿನಿಂದ ಒತ್ತಿ ಮುರಿದಳು.

"ಖಾಲಿ ಮಾಡಿಲ್ಲ ಅಣ್ಣ," ಎಂದಳು. "ಅದ್ರ ನೀರು ಒಂದು ತೊಟ್ಟೂ ಚೆಲ್ಲದ ಹಾಗೆ ಬಕೆಟ್ಟಲ್ಲಿ ಹಿಡಿದು ಇದಕ್ಕೆ ಹಾಕಿದೀನಿ. ರಾತ್ರಿ ಮಟ್ಟಿಗೆ ಇಲ್ಲಿ ಮಲಗಿರ್ತದೆ. ಬೆಳಗ್ಗೆ ಅಲ್ಲಿಗೇ ಹೋಗ್ತದೆ."

ಈ ವಯಸ್ಸಿನಲ್ಲಿ ಹೆಂಗಸಿನ ಮುಂದೆ ಅಳಬಾರದೆಂದು ಹೊರಗೆ ಬಂದು ಮೂಗು ಒರೆಸಿಕೊಂಡೆ. ಅವಳು ಹಿಂದೆಯೇ ಚೊಂಬು, ಹಂಡೆಯ ನೀರು ತುಂಬಿದ ಬಕೆಟ್ಟು ಹಿಡಿದು ಬಂದು, ಕಾಕು ಮುಚ್ಚಿ, ಸ್ಟೂಲು ಹಾಕಿಕೊಂಡಳು. ಹತ್ತಬೇಡ, ನಾನು ಹೊಯ್ಯುತ್ತೇನೆ ಎಂದೆ. ಬೇಡವೆಂದು ತಾನೇ ಹತ್ತಿದಳು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಸಾಹುಕಾರ್ರು. ಅವರಿಗೂ ನಿದ್ದೆ ಬಂದಿರಲಿಲ್ಲವೇನೋ. ನಾನು ಎಲ್ಲಿದ್ದೇನೆಂದು ಕೇಳಲೇ ಇಲ್ಲ.

"ಖಾಲಿ ಮಾಡಿದ್ಲಾ?"

"ಇಲ್ಲ ಸಾಹುಕಾರ್ರೆ."

ಸುಶೀಲ ಸ್ಟೂಲಿನ ಮೇಲೆ ಚೊಂಬು ಎತ್ತಿಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಒಡೀತಾ?"

"ಒಡೆದಿಲ್ಲ."

ಹೇಗೆ ಎಂದರು. ಹಂಡೆಯ ವಿಷಯ ಹೇಳಿದೆ. ಅವತ್ತು ಉಸಿರಿಲ್ಲ ಎಂದುಕೊಂಡಿದ್ದವನಿಗೆ ಅದೆಲ್ಲಿಂದ ಮಾತು ಬಂತೋ, ಎಲ್ಲವನ್ನೂ ಹೇಳಿದೆ. ಕೇಳಿ ಅವರು ಶಿವರಾತ್ರಿವರೆಗೆ ಕಾಯುವುದೇನೂ ಬೇಡ ಎಂದರು. ಗಾಡಿ ಅಲ್ಲೇ ಇರಲಿ, ಅವಳೇ ನೋಡಿಕೊಳ್ಳಲಿ, ಸಕಲೇಶಪುರದವರಿಗೆ ನಾನು ಹೇಳುತ್ತೇನೆ ಎಂದು ಫೋನಿಟ್ಟರು.

ಸುಶೀಲಳಿಗೆ ಹೇಳಿದೆ. ಅವಳು ಬಕೆಟ್ಟಿನ ತಳದಲ್ಲಿ ಉಳಿದ ನೀರನ್ನೂ ಚೊಂಬಿನಲ್ಲಿ ಬಳಿದು ಹೊಯ್ದಳು. ಮುಚ್ಚಳ ಹಾಕಿ ಬಿಗಿ ಮಾಡಿದಳು. ಆಮೇಲೆ ನನ್ನ ಹೆಗಲು ಹಿಡಿದು ನಿಧಾನವಾಗಿ ಸ್ಟೂಲಿನಿಂದ ಇಳಿದಳು.